ಹದಿನಾಲ್ಕಕ್ಕೆ ಬಿಟ್ಟುಹೋಗುವ ಹುಡುಗರು: ಮಾದರಿ ರಾಕೆಟ್ ಹವ್ಯಾಸದ ಒಂದು ಪ್ರಕರಣ

ಅಮೆರಿಕದ ಮಾದರಿ ರಾಕೆಟ್ ಕ್ಲಬ್‌ಗಳಲ್ಲಿ ಒಂದು ಹಳೆಯ ದೂರಿದೆ. ಎಂಟು ಹತ್ತು ವರ್ಷದ ಮಕ್ಕಳು ಅಪ್ಪ ಅಮ್ಮನ ಜೊತೆ ಮೈದಾನಕ್ಕೆ ಬರುತ್ತಾರೆ. ಎರಡು ಮೂರು ವರ್ಷ ಬಿಡದೆ ಬರುತ್ತಾರೆ. ಹದಿಮೂರು ಹದಿನಾಲ್ಕರ ಹೊತ್ತಿಗೆ ಕಾಣೆಯಾಗುತ್ತಾರೆ. ಮತ್ತೆ ಬರುವುದು ನಲವತ್ತರ ಆಸುಪಾಸಿನಲ್ಲಿ, ತಮ್ಮ ಮಗುವನ್ನು ಕರೆದುಕೊಂಡು. ಹೀಗೆ ಮರಳಿ ಬಂದವರನ್ನು ಅಲ್ಲಿನ ಹವ್ಯಾಸಿಗಳು ತಮಾಷೆಗೆ 'ಬಾರ್ನ್ ಅಗೇನ್ ರಾಕೆಟಿಯರ್' ಅನ್ನುತ್ತಾರೆ. ನಡುವಿನ ಇಪ್ಪತ್ತೈದು ವರ್ಷ ಖಾಲಿ.

ಯಾಕೆ ಹೀಗೆ ಅಂತ ಕೇಳಿದರೆ ಉತ್ತರ ರೆಡಿ ಇರುತ್ತದೆ. ಮೊಬೈಲ್, ಗೇಮ್, ಓದಿನ ಒತ್ತಡ. ನನಗೆ ಈ ಉತ್ತರ ಸರಿ ಅನಿಸುವುದಿಲ್ಲ. ಈಗ ಕ್ಲಬ್‌ಗಳಲ್ಲಿರುವ ಅರವತ್ತರ ಹಿರಿಯರು ಹುಡುಗರಾಗಿದ್ದಾಗ ಈ ಹವ್ಯಾಸ ಬಿಟ್ಟದ್ದು 1970ರ ದಶಕದಲ್ಲಿ. ಆಗ ಮೊಬೈಲ್ ಎಲ್ಲಿತ್ತು? ಹಾಗಾದರೆ ತೊಂದರೆ ಹುಡುಗರ ಕೈಯಲ್ಲಿರುವ ವಸ್ತುವಿನಲ್ಲಿಲ್ಲ. ಹವ್ಯಾಸದೊಳಗೇ ಎಲ್ಲೋ ಒಂದು ಮೆಟ್ಟಿಲು ಕಳಚಿದೆ.

ಆ ಮೆಟ್ಟಿಲು ಯಾವುದು, ಅದನ್ನು ಹೇಗೆ ಜೋಡಿಸಿದರು, ಜೋಡಿಸಿದ್ದು ಎಷ್ಟರ ಮಟ್ಟಿಗೆ ನಿಂತಿತು ಅನ್ನುವುದನ್ನು ನೋಡಲು ನಾನು ಆರಿಸಿಕೊಂಡಿರುವ ಪ್ರಕರಣ 2002ರಲ್ಲಿ ಅಮೆರಿಕದಲ್ಲಿ ಶುರುವಾದ ಒಂದು ಸ್ಪರ್ಧೆ. ಆಗ ಅದರ ಹೆಸರು ಟೀಮ್ ಅಮೆರಿಕ ರಾಕೆಟ್ರಿ ಚಾಲೆಂಜ್. 2019ರಿಂದ ಅದನ್ನು ಅಮೆರಿಕನ್ ರಾಕೆಟ್ರಿ ಚಾಲೆಂಜ್ ಅಂತ ಕರೆಯುತ್ತಾರೆ. ಹಳಬರ ಬಾಯಲ್ಲಿ ಈಗಲೂ ಅದು 'ಟಾರ್ಕ್' (ಹಳೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು) ಅಷ್ಟೆ.

ಹುಟ್ಟಿದ್ದೇ ಹುಡುಗರಿಗಾಗಿ

ಮಾದರಿ ರಾಕೆಟ್ ಅಂದರೆ ರಟ್ಟಿನ ಕೊಳವೆ, ಹಗುರವಾದ ಬಾಲ್ಸಾ ಮರದ ಫಿನ್ (ಬುಡದಲ್ಲಿರುವ ರೆಕ್ಕೆ), ಹಗುರವಾದ ಮೂತಿ. ಒಳಗೆ ಕಾರ್ಖಾನೆಯಲ್ಲೇ ಮದ್ದು ತುಂಬಿ ಬಂದ ಮೋಟಾರ್. ಹಾರಿಸುವವರು ದೂರ ನಿಂತು ಬ್ಯಾಟರಿಯ ಗುಂಡಿ ಒತ್ತುತ್ತಾರೆ. ರಾಕೆಟ್ ಮೇಲೆ ಹೋಗುತ್ತದೆ. ಮೋಟಾರಿನ ಕೊನೆಯಲ್ಲಿರುವ ಚಿಕ್ಕ ಮದ್ದು ಮೂತಿಯನ್ನು ತಳ್ಳಿ ಪ್ಯಾರಾಚೂಟ್ ಹೊರಹಾಕುತ್ತದೆ. ಕೆಳಗೆ ಬಂದ ಮೇಲೆ ಹೊಸ ಮೋಟಾರ್ ಹಾಕಿ ಮತ್ತೆ ಹಾರಿಸಬಹುದು.

ಇದನ್ನು 1954ರಲ್ಲಿ ಮೊದಲು ಮಾಡಿದವರು ನೆಬ್ರಾಸ್ಕದ ನಾರ್‌ಫೋಕ್ ಊರಿನ ಆರ್ವಿಲ್ ಕಾರ್ಲೈಲ್. ಅವರದು ಚಪ್ಪಲಿ ಅಂಗಡಿ. ಪಟಾಕಿ ತಯಾರಿ ಅವರ ಹುಚ್ಚು. ಅಣ್ಣತಮ್ಮ ಸೇರಿ ಮಾಡಿದ ಈ ರಾಕೆಟ್ ಅಲ್ಲೇ ಉಳಿಯುತ್ತಿತ್ತೇನೋ. ಆದರೆ ವೈಟ್ ಸ್ಯಾಂಡ್ಸ್ ಕ್ಷಿಪಣಿ ಕೇಂದ್ರದಲ್ಲಿ ಸುರಕ್ಷತೆಯ ಕೆಲಸ ನೋಡುತ್ತಿದ್ದ ಜಿ. ಹ್ಯಾರಿ ಸ್ಟೈನ್ 1957ರಲ್ಲಿ ಒಂದು ಲೇಖನ ಬರೆದರು. ಮನೆಯಲ್ಲೇ ಕೊಳವೆಗೆ ಮದ್ದು ತುಂಬಿ ರಾಕೆಟ್ ಮಾಡಲು ಹೋಗುವ ಹುಡುಗರ ಅಪಾಯದ ಬಗ್ಗೆ ಅದು. ಕಾರ್ಲೈಲ್ ತಮ್ಮ ರಾಕೆಟ್‌ಗಳನ್ನು ಅವರಿಗೆ ಕಳಿಸಿಕೊಟ್ಟರು. ಅದೇ ವರ್ಷ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿತು. ಅಮೆರಿಕದ ಹುಡುಗರಿಗೆಲ್ಲ ರಾಕೆಟ್ ಹುಚ್ಚು ಹಿಡಿಯಿತು. ಸತು, ಗಂಧಕ, ಬೆಂಕಿಕಡ್ಡಿ ಮದ್ದು ಅಂತ ಕಬ್ಬಿಣದ ಕೊಳವೆಗೆ ತುಂಬಿ ಬೆರಳು ಕಳೆದುಕೊಂಡವರಿದ್ದರು.

ಸ್ಟೈನ್ ಆ ವರ್ಷವೇ ಹವ್ಯಾಸಿಗಳ ಸಂಘ ಕಟ್ಟಿದರು. ಅದೇ ಈಗಿನ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ. ಕೊಲರಾಡೋದ ವರ್ನ್ ಎಸ್ಟೆಸ್ ಕೆಲವೇ ಸೆಕೆಂಡಿಗೊಂದು ಮೋಟಾರ್ ತಯಾರಿಸುವ ಯಂತ್ರ ಮಾಡಿದರು. ಅದಕ್ಕೆ 'ಮೇಬಲ್' ಅಂತ ಹೆಸರಿಟ್ಟರು. ಅಲ್ಲಿಂದ ಹವ್ಯಾಸ ದೇಶವೆಲ್ಲ ಹರಡಿತು. ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಹದಿಹರೆಯದ ಹುಡುಗರ ಕೈ ಬೆರಳು ಉಳಿಸಲು ಹುಟ್ಟಿದ ಹವ್ಯಾಸ ನಲವತ್ತು ವರ್ಷದೊಳಗೆ ಹದಿಹರೆಯದವರೇ ಇಲ್ಲದ ಹವ್ಯಾಸವಾಗಿತ್ತು.

ಕಳಚಿದ ಮೆಟ್ಟಿಲು

ಮೋಟಾರ್‌ಗಳಿಗೆ ಇಂಗ್ಲಿಷ್ ಅಕ್ಷರದ ಹೆಸರು. ಎ, ಬಿ, ಸಿ, ಹೀಗೆ. ಒಂದು ಅಕ್ಷರ ಮುಂದೆ ಹೋದರೆ ಒಟ್ಟು ತಳ್ಳುವ ಶಕ್ತಿ ಎರಡರಷ್ಟಾಗುತ್ತದೆ. ಸಿ ಮೋಟಾರಿನ ಮಿತಿ 10 ನ್ಯೂಟನ್-ಸೆಕೆಂಡ್ (ಆ ತಳ್ಳುವ ಶಕ್ತಿಯ ಅಳತೆ). ಮಕ್ಕಳು ಎ, ಬಿ, ಸಿಯಲ್ಲಿ ಆಡುತ್ತಾರೆ. ಇನ್ನೊಂದು ತುದಿಯಲ್ಲಿ 'ಹೈ ಪವರ್' ರಾಕೆಟ್. ಅದು ಶುರುವಾಗುವುದು ಎಚ್ ಮೋಟಾರಿನಿಂದ, ಅಂದರೆ 160 ನ್ಯೂಟನ್-ಸೆಕೆಂಡಿನ ಮೇಲೆ. ಅದಕ್ಕೆ ಪ್ರಮಾಣಪತ್ರ ಬೇಕು. ಸ್ವತಂತ್ರವಾಗಿ ಹಾರಿಸಲು 18 ವರ್ಷ ಆಗಿರಬೇಕು.

ಈಗ ಹದಿಮೂರರ ಹುಡುಗನ ಸ್ಥಿತಿ ನೋಡಿ. ಕಿಟ್ ತಂದು ಅಂಟಿಸುವುದು ಅವನಿಗೆ ಚಿಕ್ಕ ಮಕ್ಕಳ ಕೆಲಸ ಅನಿಸುತ್ತಿದೆ. ಸಿ ಮೋಟಾರ್ ಹಾಕಿದರೆ ರಾಕೆಟ್ ಕಣ್ಣಿಗೆ ಕಾಣದಷ್ಟು ಮೇಲೆ ಹೋಗಿ, ಗಾಳಿಗೆ ತೇಲಿ, ಯಾರದೋ ಮರದಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡವರ ರಾಕೆಟ್ ಸ್ವತಂತ್ರವಾಗಿ ಹಾರಿಸಲು ಇನ್ನೂ ಐದು ವರ್ಷ ಕಾಯಬೇಕು. ಹದಿಮೂರರಲ್ಲಿ ಐದು ವರ್ಷ ಯಾರು ಕಾಯುತ್ತಾರೆ?

ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ಗುಂಡಿ ಒತ್ತಿದರೆ ಹಾರಿತು, ಮುಗಿಯಿತು. ಮೊದಲ ಹತ್ತು ಸಲ ಮೈ ಜುಮ್ಮೆನ್ನುತ್ತದೆ. ಆಮೇಲೆ ಏನು? 'ಇನ್ನೂ ಎತ್ತರ' ಅನ್ನುವುದೊಂದೇ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ದೊಡ್ಡ ಮೋಟಾರ್, ಅಂದರೆ ದುಡ್ಡು. ತಲೆಗೆ ಕೆಲಸವೇ ಇಲ್ಲ. ಜೊತೆಗೆ ಮೈದಾನದಲ್ಲಿ ಇರುವವರೆಲ್ಲ ಅಪ್ಪನ ವಯಸ್ಸಿನವರು. ಅಪ್ಪನ ಜೊತೆ ಅಪ್ಪನ ಸ್ನೇಹಿತರ ನಡುವೆ ಭಾನುವಾರ ಕಳೆಯಲು ಹದಿನಾಲ್ಕರ ಹುಡುಗಿ ಒಪ್ಪುತ್ತಾಳಾ? ನಮ್ಮಲ್ಲೇ ಮದುವೆ ಮನೆಗೆ ಕರೆದರೂ ಬರುವುದಿಲ್ಲ.

ಸಂಘದವರು ಏನೂ ಮಾಡಿರಲಿಲ್ಲ ಅಂತಲ್ಲ. ಅವರ ಸ್ಪರ್ಧೆಗಳಲ್ಲಿ 14ರಿಂದ 18ರವರಿಗೆ ಬೇರೆ ವಿಭಾಗವೇ ಇತ್ತು. ಆದರೆ ಅದು ಮೊದಲೇ ಅಂಟಿಕೊಂಡ ಕೆಲವರಿಗೆ. ಹೊಸಬರನ್ನು ಎಳೆಯುವ ಶಕ್ತಿ ಅದಕ್ಕಿರಲಿಲ್ಲ.

ಎರಡು ಮೊಟ್ಟೆ, 1500 ಅಡಿ

2003ಕ್ಕೆ ರೈಟ್ ಸಹೋದರರ ವಿಮಾನಕ್ಕೆ ನೂರು ವರ್ಷ. ಅಮೆರಿಕದ ವಿಮಾನ ಮತ್ತು ಬಾಹ್ಯಾಕಾಶ ಕಂಪನಿಗಳ ಸಂಘ, ಏರೋಸ್ಪೇಸ್ ಇಂಡಸ್ಟ್ರೀಸ್ ಅಸೋಸಿಯೇಷನ್, ಏನಾದರೂ ಮಾಡಬೇಕು ಅಂತಿತ್ತು. ಅವರಿಗೆ ಸ್ವಂತ ಚಿಂತೆಯೂ ಇತ್ತು. ಅಪೋಲೊ ಕಾಲದಲ್ಲಿ ಸೇರಿದ್ದ ಎಂಜಿನಿಯರ್‌ಗಳು ನಿವೃತ್ತರಾಗುತ್ತಿದ್ದರು. ಅವರ ಜಾಗಕ್ಕೆ ಬರುವವರು ಬೇಕಿತ್ತು. ರಾಕೆಟ್ ಸಂಘ ಮತ್ತು ಕಂಪನಿಗಳ ಸಂಘ ಕೈಜೋಡಿಸಿದವು.

ಯೋಜನೆ ಒಂದೇ ಸಲಕ್ಕೆ ಅಂತ. ಶಾಲಾ ತಂಡಗಳು ತಾವೇ ವಿನ್ಯಾಸ ಮಾಡಿದ ರಾಕೆಟ್‌ನಲ್ಲಿ ಎರಡು ಹಸಿ ಕೋಳಿಮೊಟ್ಟೆ ಇಟ್ಟು ಸರಿಯಾಗಿ 1500 ಅಡಿ ಎತ್ತರಕ್ಕೆ ಹಾರಿಸಬೇಕು. ಮೊಟ್ಟೆ ಒಡೆಯದೆ ಕೆಳಗೆ ಬರಬೇಕು. ಎಷ್ಟು ಜನ ಬರುತ್ತಾರೋ ಅನ್ನುವ ಅನುಮಾನದಲ್ಲಿ ಕರೆ ಕೊಟ್ಟರೆ 873 ತಂಡ ಹೆಸರು ಕೊಟ್ಟವು. 2003ರ ಮೇ ತಿಂಗಳಲ್ಲಿ ವರ್ಜೀನಿಯಾದ ದಿ ಪ್ಲೇನ್ಸ್ ಊರಿನ ಗ್ರೇಟ್ ಮೆಡೋ ಮೈದಾನದಲ್ಲಿ ಸುಮಾರು ನೂರು ತಂಡಗಳ ಫೈನಲ್ ನಡೆಯಿತು. ಮತ್ತೆ ಮಾಡಿ ಅಂತ ಶಾಲೆಗಳೇ ಕೇಳಿದವು. ಒಂದು ಸಲದ ಹಬ್ಬ ಪ್ರತಿವರ್ಷದ್ದಾಯಿತು. ಕೊರೊನಾದಿಂದ 2020ರ ಫೈನಲ್ ರದ್ದಾದದ್ದು ಬಿಟ್ಟರೆ ಸರಪಳಿ ಇನ್ನೂ ಮುಂದುವರಿದಿದೆ.

ಬಹುಮಾನದ ಮೊತ್ತ ಒಟ್ಟು 1 ಲಕ್ಷ ಡಾಲರ್. ಹುಡುಗರು ಬಂದದ್ದು ಅದಕ್ಕೇ ಅನ್ನುವವರಿದ್ದಾರೆ. ಆದರೆ ಲೆಕ್ಕ ಹಾಕಿ ನೋಡಿ. ನೂರಾರು ತಂಡಗಳಲ್ಲಿ ದುಡ್ಡು ನೋಡುವುದು ಬೆರಳೆಣಿಕೆಯಷ್ಟು. ಉಳಿದವರು ಚಳಿಯಲ್ಲಿ, ಕೆಸರಲ್ಲಿ, ತಿಂಗಳುಗಟ್ಟಲೆ ರಾಕೆಟ್ ಹುಡುಕಿಕೊಂಡು ಓಡಾಡುವುದು ಯಾಕೆ?

'ಎಷ್ಟು ಎತ್ತರ' ಅಲ್ಲ, 'ಇಷ್ಟೇ ಎತ್ತರ'

ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಇಲ್ಲಿದೆ. ಗುರಿಗಿಂತ ಮೇಲೆ ಹೋದರೂ ತಪ್ಪು. ಅಷ್ಟರಿಂದ ಆಟವೇ ಬದಲಾಗುತ್ತದೆ. ದೊಡ್ಡ ಮೋಟಾರ್ ಕೊಂಡವನಿಗೆ ಲಾಭವಿಲ್ಲ. ಕಳೆದ ವಾರಕ್ಕಿಂತ ಈ ವಾರ ನಿಖರವಾಗಿ ಹಾರಿಸಿದವನಿಗೆ ಲಾಭ.

2019ರ ಗುರಿ ತೆಗೆದುಕೊಳ್ಳೋಣ. ಅಪೋಲೊ 11ಕ್ಕೆ ಐವತ್ತು ವರ್ಷವಾದ್ದರಿಂದ ಮೂವರು ಗಗನಯಾತ್ರಿಗಳ ನೆನಪಿಗೆ ಮೂರು ಮೊಟ್ಟೆ. ಎತ್ತರ 856 ಅಡಿ, ಅಂದರೆ 261 ಮೀಟರ್. ಒಟ್ಟು ಹಾರಾಟದ ಸಮಯ 43ರಿಂದ 46 ಸೆಕೆಂಡ್. ಎತ್ತರದಲ್ಲಿ ಎಷ್ಟು ಅಡಿ ವ್ಯತ್ಯಾಸವೋ ಅಷ್ಟು ಅಂಕ. ಸಮಯ ತಪ್ಪಿದರೆ ಪ್ರತಿ ಸೆಕೆಂಡಿಗೆ ನಾಲ್ಕು ಅಂಕ. ಕಡಿಮೆ ಅಂಕ ಬಂದವರು ಮುಂದೆ. ಒಂದು ಮೊಟ್ಟೆ ಬಿರುಕು ಬಿಟ್ಟರೂ ಆ ಹಾರಾಟ ಲೆಕ್ಕಕ್ಕಿಲ್ಲ.

ಒಂದು ತಂಡದ ರಾಕೆಟ್ 870 ಅಡಿ ಹೋಗಿ 41.5 ಸೆಕೆಂಡಿನಲ್ಲಿ ಇಳಿಯಿತು ಅಂದುಕೊಳ್ಳಿ. ಎತ್ತರಕ್ಕೆ 14, ಸಮಯಕ್ಕೆ 6, ಒಟ್ಟು 20 ಅಂಕ. ಎತ್ತರ ಇಳಿಸಬೇಕು, ಸರಿ, ಮೂತಿಯಲ್ಲಿ ಸ್ವಲ್ಪ ಜೇಡಿಮಣ್ಣು ಹಾಕಿ ತೂಕ ಹೆಚ್ಚಿಸಿದರಾಯಿತು. ಆದರೆ ತೂಕ ಹೆಚ್ಚಾದರೆ ಬೀಳುವ ವೇಗವೂ ಹೆಚ್ಚು. ಮೊದಲೇ ಬೇಗ ಇಳಿಯುತ್ತಿದ್ದ ರಾಕೆಟ್ ಇನ್ನೂ ಬೇಗ ಇಳಿಯುತ್ತದೆ. ಹಾಗಾದರೆ ಪ್ಯಾರಾಚೂಟ್ ದೊಡ್ಡದು ಮಾಡಬೇಕು. ದೊಡ್ಡ ಪ್ಯಾರಾಚೂಟ್ ಅದೇ ಕೊಳವೆಯಲ್ಲಿ ಬಿಗಿಯಾಗಿ ಕೂತರೆ ತೆರೆದುಕೊಳ್ಳಲು ತಡಮಾಡುತ್ತದೆ. ಒಂದನ್ನು ಎಳೆದರೆ ಇನ್ನೊಂದು ಅಲುಗುತ್ತದೆ. ಹದಿನೈದರ ತಲೆಗೆ ಇದಕ್ಕಿಂತ ಒಳ್ಳೆಯ ಮೇವು ಎಲ್ಲಿದೆ?

ಇಳಿಯುವ ವೇಗವನ್ನೇ ನೋಡಿ. ಮೇಲೇರಲು ಏಳೆಂಟು ಸೆಕೆಂಡ್ ಬೇಕು. ಉಳಿದ ಮೂವತ್ತಾರು, ಮೂವತ್ತೇಳು ಸೆಕೆಂಡಿನಲ್ಲಿ 261 ಮೀಟರ್ ಇಳಿಯಬೇಕು. ಅಂದರೆ ಸೆಕೆಂಡಿಗೆ ಸುಮಾರು ಏಳು ಮೀಟರ್, ಗಂಟೆಗೆ 25 ಕಿಲೋಮೀಟರ್. ಆ ವೇಗದಲ್ಲಿ ಮೊಟ್ಟೆ ನೆಲಕ್ಕೆ ಬಡಿಯುತ್ತದೆ. ಸುತ್ತ ಫೋಮ್ ಇಲ್ಲದಿದ್ದರೆ ಆಮ್ಲೆಟ್. ಈ ಲೆಕ್ಕ ಪಠ್ಯಪುಸ್ತಕದಲ್ಲಿ ಬಂದಿದ್ದರೆ ಯಾರೂ ಕೈ ಎತ್ತುತ್ತಿರಲಿಲ್ಲ.

ಆಮೇಲೆ ಹವಾಮಾನ. ಬಹುಪಾಲು ತಂಡಗಳು ಪರೀಕ್ಷಾ ಹಾರಾಟ ಮಾಡುವುದು ಚಳಿಗಾಲದಲ್ಲಿ. ಫೈನಲ್ ಮೇ ತಿಂಗಳ ಬಿಸಿಲಲ್ಲಿ. 5 ಡಿಗ್ರಿಯಿಂದ 25 ಡಿಗ್ರಿಗೆ ಬಂದರೆ ಗಾಳಿಯ ಸಾಂದ್ರತೆ ಸುಮಾರು ಏಳು ಪ್ರತಿಶತ ಕಡಿಮೆಯಾಗುತ್ತದೆ. ತಡೆ ಕಡಿಮೆಯಾದಾಗ ಅದೇ ರಾಕೆಟ್ ಇನ್ನಷ್ಟು ಮೇಲೆ ಹೋಗುತ್ತದೆ. ಎತ್ತರ ಅಳೆಯುವ ಆಲ್ಟಿಮೀಟರ್ ಗಾಳಿಯ ಒತ್ತಡ ನೋಡಿ ಎತ್ತರ ಹೇಳುವಂಥದ್ದು. ಅದರ ಲೆಕ್ಕ ಒಂದು ಗೊತ್ತಾದ ಮಾದರಿ ಹವೆಯದ್ದು. ಸೆಖೆ ದಿನ ಅದು ನಿಜಕ್ಕಿಂತ ಸ್ವಲ್ಪ ಕಡಿಮೆ ಎತ್ತರ ತೋರಿಸುತ್ತದೆ. ಗಾಳಿ ಬೀಸಿದರೆ ರಾಕೆಟ್ ಗಾಳಿಯ ಕಡೆಗೆ ಮೂತಿ ತಿರುಗಿಸಿ ಓರೆಯಾಗಿ ಹೋಗುತ್ತದೆ, ಎತ್ತರ ಕಳೆದುಕೊಳ್ಳುತ್ತದೆ. ಒಂದೇ ಪೆಟ್ಟಿಗೆಯ ಎರಡು ಮೋಟಾರೂ ಒಂದೇ ಥರ ಉರಿಯುವುದಿಲ್ಲ. ಇದನ್ನೆಲ್ಲ ಗೆಲ್ಲಲು ಇರುವುದು ಒಂದೇ ದಾರಿ: ಪ್ರತಿ ಹಾರಾಟಕ್ಕೂ ತೂಕ, ಉಷ್ಣಾಂಶ, ಗಾಳಿ, ಪ್ಯಾರಾಚೂಟ್ ಅಳತೆ, ಫಲಿತಾಂಶ ಎಲ್ಲ ಬರೆದಿಡುವುದು. ಬರೆಯದ ತಂಡ ಅದೃಷ್ಟ ನಂಬಿಕೊಂಡಿರಬೇಕು.

ಓಪನ್‌ರಾಕೆಟ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಫಿನ್‌ಲೆಂಡ್‌ನ ವಿದ್ಯಾರ್ಥಿಯೊಬ್ಬರ ಪ್ರಬಂಧವಾಗಿ ಶುರುವಾದದ್ದು. ಅದರಲ್ಲಿ ಮೊದಲು ಹಾರಿಸಿ ನೋಡಬಹುದು. ಕಂಪ್ಯೂಟರ್ ಬಿಟ್ಟು ಏಳದ ಹುಡುಗನಿಗೂ ತಂಡದಲ್ಲಿ ಕೆಲಸ ಸಿಕ್ಕಿದ್ದು ಇದರಿಂದ.

ನಿಯಮ ಮಾಡಿದವರ ಜಾಣತನ ಇನ್ನೂ ಎರಡು ಕಡೆ ಕಾಣುತ್ತದೆ. ಒಂದು, ಗುರಿ ಪ್ರತಿವರ್ಷ ಬದಲಾಗುತ್ತದೆ. ಒಂದು ವರ್ಷ ಮೊಟ್ಟೆಯನ್ನು ಅಡ್ಡಡ್ಡ ಮಲಗಿಸಬೇಕು ಅಂದರು, ಅಲ್ಲಿಗೆ ಎಲ್ಲರ ಕೊಳವೆಯೂ ದಪ್ಪವಾಗಲೇಬೇಕಾಯಿತು. ಹಿಂದಿನ ವರ್ಷದ ರಾಕೆಟ್ ಧೂಳು ಒರೆಸಿ ತರುವ ಹಾಗಿಲ್ಲ. ಎರಡನೇ ವರ್ಷಕ್ಕೆ ಬಂದವನಿಗೂ ಹೊಸ ಸಮಸ್ಯೆ ಕಾದಿರುತ್ತದೆ. ಇನ್ನೊಂದು, ಮೋಟಾರಿನ ಮಿತಿ. ಹಲವು ವರ್ಷಗಳಿಂದ ಇದು 80 ನ್ಯೂಟನ್-ಸೆಕೆಂಡ್, ರಾಕೆಟ್‌ನ ತೂಕ 650 ಗ್ರಾಂ. ಎಫ್ ವರ್ಗದ ತನಕ ಅಂತ ಅರ್ಥ. ಸಿ ಮತ್ತು ಎಚ್ ನಡುವೆ ಕಳಚಿದ್ದ ಮೆಟ್ಟಿಲು ನೆನಪಿದೆಯಲ್ಲ, ಸ್ಪರ್ಧೆಯನ್ನು ತಂದು ಕೂರಿಸಿದ್ದು ಅಲ್ಲೇ.

ತಂಡ, ಮತ್ತು ಹೊರಗಿನ ಸಾಕ್ಷಿ

ತಂಡದಲ್ಲಿ ಮೂವರಿಂದ ಹತ್ತು ಜನ. ಶಾಲೆಯದ್ದೇ ಆಗಬೇಕಿಲ್ಲ, ಗರ್ಲ್ ಸ್ಕೌಟ್ ಥರದ ಗುಂಪುಗಳೂ ಬರುತ್ತವೆ. ಒಂಟಿಯಾಗಿ ಅಪ್ಪನ ಜೊತೆ ಮಾಡುತ್ತಿದ್ದ ಹವ್ಯಾಸ ಸ್ನೇಹಿತರ ಜೊತೆಗಿನದ್ದಾಯಿತು. ಒಬ್ಬರು ಪ್ಯಾರಾಚೂಟ್ ಮಡಿಸುತ್ತಾರೆ. ಅದೊಂದು ಕಲೆಯೇ, ಪ್ರತಿ ಸಲ ಅದೇ ಕೈ ಅದೇ ರೀತಿ ಮಡಿಸಬೇಕು. ಒಬ್ಬರು ತೂಕದ ಲೆಕ್ಕ. ಒಬ್ಬರು ಸ್ಟಾಪ್‌ವಾಚ್. ಒಬ್ಬರು ಸ್ಪಾನ್ಸರ್ ಹುಡುಕಿಕೊಂಡು ಊರಿನ ಅಂಗಡಿ ಸುತ್ತುತ್ತಾರೆ, ಯಾಕೆಂದರೆ ಮೋಟಾರಿಗೇ ಜಾಸ್ತಿ ದುಡ್ಡು ಹೋಗುತ್ತದೆ. ಭೌತಶಾಸ್ತ್ರ ಇಷ್ಟವಿಲ್ಲದವರಿಗೂ ಜಾಗವಿದೆ.

ದೊಡ್ಡವರು ರಾಕೆಟ್ ಮುಟ್ಟುವಂತಿಲ್ಲ. ವಿನ್ಯಾಸ, ಕಟ್ಟುವುದು, ಹಾರಿಸುವುದು ಎಲ್ಲ ವಿದ್ಯಾರ್ಥಿಗಳದ್ದೇ. ಮೇಷ್ಟ್ರು ಸಲಹೆ ಕೊಡಬಹುದು, ಅಷ್ಟೆ. ಕೇಳಲು ಸುಲಭ. ಆದರೆ ಫಿನ್ ಸೊಟ್ಟಗೆ ಅಂಟಿಸುತ್ತಿರುವುದು ಕಣ್ಣೆದುರೇ ಕಾಣುತ್ತಿದ್ದರೂ ಕೈ ಕಟ್ಟಿ ನಿಲ್ಲುವುದು ಎಂಜಿನಿಯರ್ ಅಪ್ಪಂದಿರಿಗೆ ಎಷ್ಟು ಕಷ್ಟ ಅಂತ ನಮ್ಮವರನ್ನು ನೋಡಿದವರಿಗೆ ಗೊತ್ತು. ಸಿಯಾಟಲ್, ಡಲ್ಲಾಸ್, ಬೇ ಏರಿಯಾದ ಕನ್ನಡ ಮನೆಗಳ ಗ್ಯಾರೇಜಿನಲ್ಲಿ ಈ ಮಾತು ನಡೆದೇ ನಡೆಯುತ್ತದೆ.

"ಅಪ್ಪಾ, ಮುಟ್ಟಬೇಡಿ."

"ಸುಮ್ನೆ ನೋಡ್ತಿದೀನಿ ಕಣೋ."

"ನೋಡೋದೂ ಬೇಡ. ಶನಿವಾರ ಮೈದಾನಕ್ಕೆ ಕಾರಲ್ಲಿ ಬಿಡಿ, ಸಾಕು."

ಇನ್ನು ಒಂದು ನಿಯಮ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು. ಫೈನಲ್‌ಗೆ ಅರ್ಹತೆ ಪಡೆಯಲು ತಂಡ ತನ್ನ ಊರಲ್ಲೇ ಹಾರಿಸಿ ಅಂಕ ಕಳಿಸಬೇಕು. ಆ ಹಾರಾಟ ನೋಡಿ ಸಹಿ ಹಾಕಲು ರಾಕೆಟ್ ಸಂಘದ ವಯಸ್ಕ ಸದಸ್ಯರೊಬ್ಬರು ಇರಬೇಕು. ಅವರು ತಂಡದ ಯಾರಿಗೂ ಸಂಬಂಧಿಯಾಗಿರಬಾರದು. ಇದು ಮೋಸ ತಡೆಯಲು ಮಾಡಿದ ನಿಯಮ. ಆದರೆ ಅದರ ಪರಿಣಾಮ ನೋಡಿ. ಹದಿನೈದರ ಹುಡುಗಿ ತನ್ನ ಊರಿನ ಕ್ಲಬ್ ಯಾವುದು ಅಂತ ಹುಡುಕಬೇಕು. ಗುರುತಿಲ್ಲದ ಹಿರಿಯರಿಗೆ ಫೋನ್ ಮಾಡಿ, ನಮ್ಮ ಹಾರಾಟ ನೋಡಲು ಬರುತ್ತೀರಾ ಅಂತ ಕೇಳಬೇಕು. ಆ ಹಿರಿಯರು ಬರುತ್ತಾರೆ. ಅವರಿಗೂ ಬಾಯಿ ಸುಮ್ಮನಿರುವುದಿಲ್ಲ. 'ನಿಮ್ಮ ಪ್ಯಾರಾಚೂಟ್ ದಾರ ಯಾಕೆ ಹೀಗೆ ಸುತ್ತಿಕೊಳ್ಳುತ್ತೆ ಗೊತ್ತಾ' ಅಂತ ಶುರುಮಾಡುತ್ತಾರೆ. ಕ್ಲಬ್ಬಿಗೆ ಹುಡುಗರು ಬರುವುದಿಲ್ಲ ಅಂತ ಗೊಣಗುತ್ತಿದ್ದವರ ಕಡೆಗೆ ಹುಡುಗರೇ ಕೆಲಸ ಹಿಡಿದುಕೊಂಡು ಬಂದರು. ಹಿರಿಯರಿಗೂ ಒಂದು ಪಾತ್ರ ಸಿಕ್ಕಿತು. ಅದು ಅಪ್ಪನ ಪಾತ್ರವಲ್ಲ, ಸಾಕ್ಷಿಯ ಪಾತ್ರ. ಆ ಅಂತರ ಹದಿಹರೆಯದವರಿಗೆ ಹಿತವಾಗುತ್ತದೆ.

ಅಧಿಕೃತ ಹಾರಾಟಕ್ಕೂ ಒಂದು ಕಟ್ಟು ಇದೆ. 'ಇದು ಲೆಕ್ಕಕ್ಕೆ' ಅಂತ ಮೊದಲೇ ಹೇಳಿ ಹಾರಿಸಬೇಕು. ಚೆನ್ನಾಗಿ ಹಾರಿದ ಮೇಲೆ ಹೇಳುವಂತಿಲ್ಲ. ಈಚಿನ ನಿಯಮದಲ್ಲಿ ಇಂಥ ಮೂರು ಅವಕಾಶ, ಅವುಗಳಲ್ಲಿ ಒಳ್ಳೆಯ ಎರಡು ಲೆಕ್ಕಕ್ಕೆ. ಗಾಳಿ ಇದೆ, ಇವತ್ತು ಹೇಳೋಣವೋ ಮುಂದಿನ ವಾರಕ್ಕೆ ಬಿಡೋಣವೋ? ಈ ತೀರ್ಮಾನ ಮಾಡುವವರು ಹುಡುಗರೇ. ಆ ಕ್ಷಣ ಅವರ ಮುಖ ನೋಡಬೇಕು.

ಎಲ್ಲಿ ಸೋತಿತು

ಸ್ಪರ್ಧೆ 12ನೇ ತರಗತಿಗೆ ಮುಗಿಯುತ್ತದೆ. ಆಮೇಲೆ? ತಂಡ ಚದುರಿಹೋಗುತ್ತದೆ. ಉತ್ಸಾಹಿಗಳು ಕಾಲೇಜಿನ ರಾಕೆಟ್ ತಂಡಕ್ಕೆ ಹೋಗುತ್ತಾರೆ. ಮೊದಲ ಸಾಲಿನ ತಂಡಗಳಿಗೆ ನಾಸಾದ ಸ್ಟೂಡೆಂಟ್ ಲಾಂಚ್ ಕಾರ್ಯಕ್ರಮಕ್ಕೆ ಆಹ್ವಾನವೂ ಸಿಗುತ್ತದೆ. ಕಂಪನಿಗಳ ಸಂಘಕ್ಕೆ ಬೇಕಾಗಿದ್ದ ಎಂಜಿನಿಯರ್‌ಗಳು ಇಲ್ಲಿಂದ ಸಿಗುತ್ತಿರಬಹುದು. ಆದರೆ ಭಾನುವಾರ ಮೈದಾನಕ್ಕೆ ಬಂದು ಸುಮ್ನೆ ಖುಷಿಗೆ ಹಾರಿಸುವ ಹವ್ಯಾಸಿ? ಅವನು ಇಲ್ಲಿಂದ ತಾನಾಗಿ ಹುಟ್ಟುವುದಿಲ್ಲ. ಸ್ಪರ್ಧೆಯಲ್ಲಿ ಇದ್ದವರೆಲ್ಲ ಹವ್ಯಾಸದಲ್ಲಿ ಉಳಿದರು ಅಂತ ಲೆಕ್ಕ ಹಾಕಿದರೆ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ.

ಇನ್ನೊಂದು ತೊಂದರೆ ಕಾಲೇಜ್ ಅರ್ಜಿ. 'ರಾಷ್ಟ್ರೀಯ ಫೈನಲಿಸ್ಟ್' ಅನ್ನುವ ಸಾಲಿಗೆ ಬೆಲೆ ಬಂದ ಮೇಲೆ ಆ ಸಾಲಿಗಾಗಿಯೇ ಬರುವವರೂ ಬಂದರು. ಇದರಲ್ಲಿ ನಮ್ಮ ದೇಶದ ಅಪ್ಪ ಅಮ್ಮಂದಿರು ಹಿಂದೆ ಬಿದ್ದಿಲ್ಲ. ಅರ್ಜಿ ಕಳಿಸಿದ ಮರುದಿನ ರಾಕೆಟ್ ಗ್ಯಾರೇಜಿನ ಮೂಲೆ ಸೇರಿದರೆ ಆಶ್ಚರ್ಯವೇನು? ಇದಕ್ಕೆ ಸ್ಪರ್ಧೆಯನ್ನು ದೂರುವುದು ನ್ಯಾಯವಲ್ಲ, ಆದರೆ ಪ್ರಕರಣ ಬರೆಯುವಾಗ ಇದನ್ನು ಮುಚ್ಚಿಡಲೂ ಆಗುವುದಿಲ್ಲ. ದೊಡ್ಡ ಬಯಲು, ಹತ್ತಿರದ ಕ್ಲಬ್, ಕಾರಿರುವ ಪೋಷಕರು ಇಲ್ಲದ ಮಕ್ಕಳಿಗೆ ಈ ದಾರಿ ಕಷ್ಟ ಅನ್ನುವುದೂ ನಿಜ.

ಬಿರುಕು ಮುಚ್ಚಲು ರಾಕೆಟ್ ಸಂಘ ಇನ್ನೊಂದು ಬಾಗಿಲು ತೆರೆದಿದೆ. 14ರಿಂದ 17ರವರಿಗೆ ಜೂನಿಯರ್ ಲೆವೆಲ್ 1 ಪ್ರಮಾಣಪತ್ರ. ಪರವಾನಗಿ ಇರುವ ಹಿರಿಯರ ಮೇಲ್ವಿಚಾರಣೆಯಲ್ಲಿ ಎಚ್ ಅಥವಾ ಐ ಮೋಟಾರ್ ಹಾರಿಸಬಹುದು. ಮೋಟಾರ್ ಹಿರಿಯರ ವಶದಲ್ಲೇ ಇರುತ್ತದೆ. ದೊಡ್ಡ ರಾಕೆಟ್‌ ಹಾರಿಸುವವರ ಸಂಘವಾದ ಟ್ರಿಪೋಲಿಯೂ 12ರಿಂದ 17ರವರಿಗೆ ಇಂಥದ್ದೇ ವ್ಯವಸ್ಥೆ ಮಾಡಿಕೊಂಡಿದೆ. ಇಲ್ಲಿ ತಂಡವಿಲ್ಲ, ಬಹುಮಾನವಿಲ್ಲ, ಅರ್ಜಿಗೆ ದೊಡ್ಡ ಸಾಲೂ ಅಲ್ಲ. ನನ್ನ ಊಹೆ ಏನೆಂದರೆ, ಹವ್ಯಾಸಕ್ಕೆ ನಿಜವಾಗಿ ಉಳಿಯುವವರು ಎರಡೂ ಬಾಗಿಲು ದಾಟಿದವರು. ಸ್ಪರ್ಧೆ ಅವರಿಗೆ ಸಾಕ್ಷಿ ಹಿರಿಯರನ್ನು ಪರಿಚಯಿಸಿತು, ಆ ಹಿರಿಯರು ದೊಡ್ಡ ರಾಕೆಟ್‌ನ ಕಡೆಗೆ ಕರೆದೊಯ್ದರು. ಕ್ಲಬ್ಬಿನವರು ಅರ್ಹತಾ ಹಾರಾಟಕ್ಕೆ ಸಹಿ ಹಾಕಿ ಮನೆಗೆ ಹೋದರೆ ಸರಪಳಿ ಅಲ್ಲೇ ತುಂಡು. 'ಮುಂದಿನ ತಿಂಗಳು ನಮ್ಮ ಲಾಂಚ್ ಇದೆ, ಪ್ಯಾಡ್ ನೋಡಿಕೊಳ್ಳಲು ಬರ್ತೀಯಾ' ಅಂತ ಕೇಳಿದರೆ ಮುಂದುವರಿಯುತ್ತದೆ. ಹಾರಿಸುವವಳಾಗಿ ಅಲ್ಲ, ಬೇರೆಯವರ ಹಾರಾಟಕ್ಕೆ ಕೌಂಟ್‌ಡೌನ್ ಹೇಳುವವಳಾಗಿ ಕರೆಯಬೇಕು. ಚಿಕ್ಕ ಮಕ್ಕಳ ರಾಕೆಟ್ ಪರೀಕ್ಷಿಸಿ 'ಫಿನ್ ಸಡಿಲ ಇದೆ, ಹಾರಿಸಬೇಡ' ಅನ್ನುವ ಅಧಿಕಾರ ಕೊಡಬೇಕು. ಜವಾಬ್ದಾರಿ ಕೊಟ್ಟವರನ್ನು ಬಿಟ್ಟುಹೋಗಲು ಹದಿನಾರರ ವಯಸ್ಸಿಗೆ ಮನಸ್ಸು ಬರುವುದಿಲ್ಲ.

ನಮ್ಮ ಕಡೆ

ಈ ಪ್ರಕರಣವನ್ನು ಹಾಗೇ ಎತ್ತಿ ಕರ್ನಾಟಕಕ್ಕೆ ತರಲು ಆಗುವುದಿಲ್ಲ. ನಮ್ಮಲ್ಲಿ ಮದ್ದು ಅಂದರೆ 1884ರ ಸ್ಫೋಟಕ ಕಾಯ್ದೆ ಮತ್ತು 2008ರ ನಿಯಮಗಳ ಕೆಳಗೆ ಬರುತ್ತದೆ. ಅಮೆರಿಕದಲ್ಲಿ ಹವ್ಯಾಸದ ಅಂಗಡಿಗೆ ಹೋಗಿ ಮೋಟಾರ್ ತಂದ ಹಾಗೆ ಇಲ್ಲಿ ಹೈಸ್ಕೂಲ್ ಹುಡುಗ ತರಲಾರ. ದೀಪಾವಳಿ ರಾಕೆಟ್ ಬಿಚ್ಚಿ ಮದ್ದು ತೆಗೆದು ಕೊಳವೆಗೆ ತುಂಬಲು ಹೋದರೆ ಸ್ಟೈನ್ ಎಚ್ಚರಿಸಿದ 1957ರ ಹುಡುಗರ ಕಥೆಯೇ. ಅದನ್ನು ಯಾರೂ ಮಾಡಬಾರದು.

2025ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ಬಾಹ್ಯಾಕಾಶ ಚಟುವಟಿಕೆಗೆ ಉತ್ತೇಜನ ಕೊಡುವ ಕೇಂದ್ರ ಸರ್ಕಾರದ ಇನ್-ಸ್ಪೇಸ್ ಸಂಸ್ಥೆಯ ಮಾದರಿ ರಾಕೆಟ್ ಮತ್ತು ಕ್ಯಾನ್‌ಸ್ಯಾಟ್ (ಡಬ್ಬಿ ಗಾತ್ರದ ಮಾದರಿ ಉಪಗ್ರಹ) ಸ್ಪರ್ಧೆ ನಡೆಯಿತು. ಒಳ್ಳೆಯ ಸುದ್ದಿ. ಆದರೆ ಅದು ಕಾಲೇಜಿನವರಿಗೆ. ಎಂಟು, ಒಂಬತ್ತು, ಹತ್ತನೇ ತರಗತಿಯವರು ಇಲ್ಲೂ ನಡುವೆಯೇ ಉಳಿದರು.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ತರಬೇಕಾದದ್ದು ಮೋಟಾರ್ ಅಲ್ಲ, ಕೆಲಸದ ರೀತಿ. ಏಷ್ಯಾ-ಪೆಸಿಫಿಕ್ ಬಾಹ್ಯಾಕಾಶ ಸಂಸ್ಥೆಗಳ ವೇದಿಕೆ 12ರಿಂದ 16ರ ಮಕ್ಕಳಿಗೆ ನೀರು-ರಾಕೆಟ್ ಸ್ಪರ್ಧೆ ನಡೆಸುತ್ತದೆ. ಅಲ್ಲೂ ದೂರ ಹಾರಿಸಿದವರು ಗೆಲ್ಲುವುದಿಲ್ಲ, ಗುರುತು ಹಾಕಿದ ಜಾಗಕ್ಕೆ ಹತ್ತಿರ ಬೀಳಿಸಿದವರು ಗೆಲ್ಲುತ್ತಾರೆ. ಆ ವೇದಿಕೆಯ ಸಭೆ 2017ರಲ್ಲಿ ಬೆಂಗಳೂರಿನಲ್ಲೇ ಸೇರಿತ್ತು.

ಶಾಲೆಯ ವಿಜ್ಞಾನ ದಿನಾಚರಣೆಯಲ್ಲಿ ತಂಪು ಪಾನೀಯದ ಬಾಟಲಿಗೆ ನೀರು ಹಾಕಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ ಹಾರಿಸುವುದು ನಮಗೆ ಹೊಸದೇನಲ್ಲ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮುಗಿಯಿತು. ಅದರ ಬದಲು ಈ ವರ್ಷದ ಗುರಿ ಸರಿಯಾಗಿ 25 ಮೀಟರ್ ಎತ್ತರ, ಮುಂದಿನ ವರ್ಷ 18 ಅಂತ ಮಾಡಿ. ಎತ್ತರ ಅಳೆಯಲು ಆಲ್ಟಿಮೀಟರ್ ಬೇಕಿಲ್ಲ. ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಕಲ್ಲು ಕಟ್ಟಿ, ಹಾರಿಸುವ ಜಾಗದಿಂದ 25 ಮೀಟರ್ ದೂರ ನಿಂತು ನೋಡಿದರೆ 45 ಡಿಗ್ರಿಗೆ ರಾಕೆಟ್ ಕಂಡಾಗ ಎತ್ತರ 25 ಮೀಟರ್, ಜೊತೆಗೆ ಕಣ್ಣಿನ ಎತ್ತರ. ಹತ್ತನೇ ತರಗತಿಯ ತ್ರಿಕೋನಮಿತಿ ಅಷ್ಟೇ ಸಾಕು. ನೀರು ಎಷ್ಟು, ಗಾಳಿಯ ಒತ್ತಡ ಎಷ್ಟು, ಮೂತಿಯ ತೂಕ ಎಷ್ಟು ಅಂತ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿ. ಕ್ಲಿಪ್ ಬಿಡಿಸಲು ಉದ್ದನೆಯ ದಾರ ಇರಲಿ, ಒತ್ತಡ ತುಂಬಿದ ಬಾಟಲಿಯ ಹತ್ತಿರ ಯಾರೂ ಬಾಗಬಾರದು. ಅಂಕ ಬರೆದುಕೊಳ್ಳಲು ಅದೇ ಶಾಲೆಯ ಮೇಷ್ಟ್ರು ಬೇಡ, ಪಕ್ಕದೂರಿನ ಶಾಲೆಯವರನ್ನು ಹುಡುಗರೇ ಹೋಗಿ ಕರೆದು ಬರಲಿ.